ಸ್ಪ್ರಿಂಗ್ ಪ್ರಯೋಗ: ಮೊದಲ 50 ಗ್ರಾಂಗೆ ಸ್ಪ್ರಿಂಗ್ ಮಿಸುಕುವುದೇ ಇಲ್ಲ, ಎರಡು ವಿಧಾನದ ಉತ್ತರವೂ ಹೊಂದುವುದಿಲ್ಲ

ಪ್ರಶ್ನೆ: ಬದಿಯಡ್ಕ ಲ್ಯಾಬ್

ಪ್ಲಸ್ ಒನ್ (ಹನ್ನೊಂದನೇ ತರಗತಿ) ಕನ್ನಡ ಮಾಧ್ಯಮದ ಮಕ್ಕಳಿಗೆ ಸ್ಪ್ರಿಂಗಿನ ಬಲ ಸ್ಥಿರಾಂಕ (ಒಂದು ಮೀಟರ್ ಹಿಗ್ಗಲು ಎಷ್ಟು ಬಲ ಬೇಕೆಂಬ ಲೆಕ್ಕ) ಕಂಡುಹಿಡಿಯುವ ಪ್ರಯೋಗ ಮಾಡಿಸಬೇಕು. ಒಂದೇ ಸ್ಪ್ರಿಂಗಿಗೆ ಎರಡು ವಿಧಾನ. ತೂಕ ಹೇರಿ ಎಷ್ಟು ಉದ್ದವಾಯಿತು ಎಂದು ಅಳೆಯುವುದು ಒಂದು, ತೂಕ ಕಟ್ಟಿ ಕುಣಿಸಿ ಆವರ್ತಕಾಲ (ಒಮ್ಮೆ ಮೇಲೆ ಕೆಳಗೆ ಹೋಗಿಬರುವ ಸಮಯ) ಅಳೆಯುವುದು ಇನ್ನೊಂದು. ಮಕ್ಕಳ ಕೈಗೆ ಕೊಡುವ ಮೊದಲು ನಾನೇ ಒಮ್ಮೆ ಮಾಡಿದ ಅಳತೆಗಳು ಕೆಳಗೆ ಇವೆ.

ಸ್ಪ್ರಿಂಗ್ ಉಕ್ಕಿನದು, ಸುತ್ತುಗಳು ಒಂದಕ್ಕೊಂದು ತಾಗಿಕೊಂಡಿವೆ, ಅದರ ತೂಕ 37 ಗ್ರಾಂ. ಕೆಳಗಿನ ಕೊಕ್ಕೆಗೆ ಮೇಣದಿಂದ ಗುಂಡುಸೂಜಿ ಅಂಟಿಸಿದ್ದೇನೆ, ಅದೇ ಸೂಚಿ. ಪಕ್ಕದಲ್ಲಿ ಮರದ ಮೀಟರ್ ಸ್ಕೇಲ್ ನೆಟ್ಟಗೆ ನಿಲ್ಲಿಸಿದೆ. ಹ್ಯಾಂಗರ್ 50 ಗ್ರಾಂ, ಬಿಲ್ಲೆಗಳು ತಲಾ 50 ಗ್ರಾಂ. ಹ್ಯಾಂಗರ್ ಸೇರಿಸಿದ ಒಟ್ಟು ತೂಕ ಗ್ರಾಂನಲ್ಲಿ, ಸ್ಕೇಲಿನ ಓದು ಸೆಂಟಿಮೀಟರಿನಲ್ಲಿ, ಮೊದಲು ಏರಿಸುವಾಗಿನದು, ಆಮೇಲೆ ಇಳಿಸುವಾಗಿನದು:

0: 20.0, 20.0
50: 20.0, 20.0
100: 20.6, 20.8
150: 22.6, 22.8
200: 24.6, 24.8
250: 26.6, 26.8
300: 28.6, 28.8
350: 30.6, 30.8
400: 32.6

ತೂಕವನ್ನು ಒಟ್ಟು ಉದ್ದಹೆಚ್ಚಳದಿಂದ ಭಾಗಿಸಿದರೆ 150 ಗ್ರಾಂಗೆ 56, 200ಕ್ಕೆ 43, 250ಕ್ಕೆ 37, ಹೀಗೆ ಇಳಿಯುತ್ತಾ 400ಕ್ಕೆ 31 ನ್ಯೂಟನ್/ಮೀಟರ್ ಬರುತ್ತದೆ. ಸ್ಥಿರಾಂಕ ಅನ್ನುವುದು ಹೀಗೆ ಜಾರುತ್ತಾ ಹೋದರೆ ಮಕ್ಕಳಿಗೆ ಏನೆಂದು ಹೇಳಲಿ? ಆಂದೋಲನದಲ್ಲಿ 200 ಗ್ರಾಂಗೆ 20 ಆಂದೋಲನಕ್ಕೆ 11.7 ಸೆಕೆಂಡ್, ಅದರಿಂದ 23.1 ನ್ಯೂಟನ್/ಮೀಟರ್. ಯಾವುದೂ ಯಾವುದಕ್ಕೂ ಹೊಂದುವುದಿಲ್ಲ.

ಇನ್ನೊಂದು ಕಾಟವೂ ಉಂಟು. 200 ಗ್ರಾಂ ಇಟ್ಟು ಮೇಲೆ ಕೆಳಗೆ ಕುಣಿಯಲು ಬಿಟ್ಟರೆ ಅರ್ಧ ನಿಮಿಷದೊಳಗೆ ತೂಕ ಪಕ್ಕಕ್ಕೆ ಓಲಾಡಲು ಶುರುಮಾಡುತ್ತದೆ, ಮೇಲೆ ಕೆಳಗಿನ ಚಲನೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಫ್ಯಾನ್ ಆಫ್ ಮಾಡಿದರೂ ಹಾಗೆಯೇ. 400 ಗ್ರಾಂಗೆ ಈ ತೊಂದರೆ ಇಲ್ಲ. ಸ್ಪ್ರಿಂಗೇ ಹಾಳಾಗಿದೆಯಾ?

ಉತ್ತರ: ಮುಳ್ಳೇರಿಯ ಫಿಸಿಕ್ಸ್

ಟೀಚರೇ, ಸ್ಪ್ರಿಂಗ್ ಚೆನ್ನಾಗಿಯೇ ಉಂಟು. ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ: 150ರಿಂದ 400ರವರೆಗೆ ಪ್ರತಿ 50 ಗ್ರಾಂಗೆ ಸರಿಯಾಗಿ 2.0 ಸೆ.ಮೀ. ಇದಕ್ಕಿಂತ ನೇರ ಗೆರೆ ಶಾಲೆಯ ಲ್ಯಾಬಿನಲ್ಲಿ ಸಿಗುವುದು ಕಷ್ಟ. ತಪ್ಪಾದದ್ದು ಭಾಗಾಕಾರದಲ್ಲಿ.

ಸುತ್ತುಗಳು ತಾಗಿಕೊಂಡಿರುವ ಸ್ಪ್ರಿಂಗನ್ನು ಸುತ್ತುವಾಗಲೇ ತಂತಿಯನ್ನು ಸ್ವಲ್ಪ ತಿರುಚಿ, ಒಂದು ಸುತ್ತು ಇನ್ನೊಂದನ್ನು ಒತ್ತಿ ಹಿಡಿಯುವ ಹಾಗೆ ಮಾಡಿರುತ್ತಾರೆ. ಇದಕ್ಕೆ ಆರಂಭಿಕ ಬಿಗಿತ ಅನ್ನೋಣ. ಹೊರಗಿನ ಎಳೆತ ಈ ಬಿಗಿತವನ್ನು ಮೀರುವ ತನಕ ಸುತ್ತುಗಳ ನಡುವೆ ಕೂದಲಷ್ಟೂ ಸಂದು ಬೀಳುವುದಿಲ್ಲ. ಹಾಗಾಗಿಯೇ 50 ಗ್ರಾಂಗೆ ಸೂಚಿ ಅಲುಗಲಿಲ್ಲ. ಬಾಗಿಲಿಗೆ ಹಾಕುವ ಸ್ಪ್ರಿಂಗ್, ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಎಲ್ಲ ಇದೇ ಜಾತಿ.

ಗ್ರಾಫಿನಲ್ಲಿ ಅಡ್ಡ ಅಕ್ಷಕ್ಕೆ ತೂಕ, ಲಂಬ ಅಕ್ಷಕ್ಕೆ ಸ್ಕೇಲಿನ ಓದು ಹಾಕಿ. ಏರಿಸಿದ್ದು ಇಳಿಸಿದ್ದು ಎರಡರ ಸರಾಸರಿ ತೆಗೆದುಕೊಂಡು 100ರಿಂದ ಮೇಲಿನ ಬಿಂದುಗಳಿಗೆ ಮಾತ್ರ ಗೆರೆ ಎಳೆಯಿರಿ. ಆ ಗೆರೆಯನ್ನು ಕೆಳಕ್ಕೆ ಮುಂದುವರಿಸಿದರೆ 20.0 ಸೆ.ಮೀ. ಮಟ್ಟವನ್ನು ಸುಮಾರು 82 ಗ್ರಾಂನಲ್ಲಿ ಮುಟ್ಟುತ್ತದೆ. ಸ್ಥಿರಾಂಕಕ್ಕೆ ಬೇಕಾದದ್ದು ಇಳಿಜಾರು ಮಾತ್ರ: 250 ಗ್ರಾಂ ಹೆಚ್ಚಾದಾಗ 10.0 ಸೆ.ಮೀ. ಅಂದರೆ 0.250 × 9.78 = 2.445 ನ್ಯೂಟನ್‌ಗೆ 0.100 ಮೀಟರ್. ಸ್ಥಿರಾಂಕ 24.45 ನ್ಯೂಟನ್/ಮೀಟರ್. ನಮ್ಮ ಕಾಸರಗೋಡಿನ ಅಕ್ಷಾಂಶದಲ್ಲಿ ಗುರುತ್ವ ವೇಗೋತ್ಕರ್ಷ 9.78ರ ಹತ್ತಿರ. ಪರೀಕ್ಷೆಯಲ್ಲಿ 9.8 ಹಾಕಿದರೂ ವ್ಯತ್ಯಾಸ ಶೇಕಡಾ 0.2 ಮಾತ್ರ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಒಟ್ಟು ತೂಕವನ್ನು ಒಟ್ಟು ಉದ್ದಹೆಚ್ಚಳದಿಂದ ಭಾಗಿಸಿದಾಗ ಬಿಗಿತ ಬಿಡಿಸಲು ಖರ್ಚಾದ 82 ಗ್ರಾಂ ಕೂಡ ಸ್ಪ್ರಿಂಗನ್ನು ಎಳೆದ ಲೆಕ್ಕಕ್ಕೆ ಸೇರಿಹೋಗುತ್ತದೆ. ತೂಕ ಹೆಚ್ಚಿದಂತೆ ಆ 82ರ ಪಾಲು ಕಡಿಮೆಯಾಗುತ್ತದೆ, ಅದಕ್ಕೇ 56ರಿಂದ 31ಕ್ಕೆ ಇಳಿದದ್ದು. ಇನ್ನೂ ತೂಕ ಹೇರುತ್ತಾ ಹೋದರೆ 24.5ರ ಕಡೆಗೆ ಬರುತ್ತದೆ. ಆ ಆರು ಉತ್ತರಗಳ ಸರಾಸರಿಗೆ ಯಾವ ಅರ್ಥವೂ ಇಲ್ಲ, ದಯವಿಟ್ಟು ಮಕ್ಕಳಿಂದ ಅದನ್ನು ಬರೆಸಬೇಡಿ.

ಒಂದು ಸೂಕ್ಷ್ಮ: ನಿಜವಾದ ಆರಂಭಿಕ ಬಿಗಿತ 82 ಗ್ರಾಂ ಅಲ್ಲ. ನೇತುಬಿಟ್ಟ ಸ್ಪ್ರಿಂಗಿನ ಮೇಲಿನ ಸುತ್ತುಗಳು ಕೆಳಗಿನ ಸುತ್ತುಗಳ ಭಾರವನ್ನೂ ಹೊರುತ್ತವೆ. ಸರಾಸರಿ ಲೆಕ್ಕದಲ್ಲಿ ಸ್ಪ್ರಿಂಗಿನ ಅರ್ಧ ತೂಕ ತಾನೇ ಎಳೆಯುತ್ತಿರುತ್ತದೆ. ಆದ್ದರಿಂದ 82ಕ್ಕೆ 18.5 ಸೇರಿಸಿ: ಸುಮಾರು 101 ಗ್ರಾಂ, ಒಂದು ನ್ಯೂಟನ್ ಹತ್ತಿರ. 10 ಗ್ರಾಂನ ಬಿಲ್ಲೆಗಳಿದ್ದರೆ 60ರಿಂದ 110ರವರೆಗೆ ಹತ್ತು ಹತ್ತಾಗಿ ಹಾಕಿ ನೋಡಿ. 64ರ ಆಸುಪಾಸಿನಲ್ಲಿ ತೀರಾ ಮೇಲಿನ ಸುತ್ತು ಮೊದಲು ಬಾಯಿಬಿಡುತ್ತದೆ, ಆಮೇಲೆ ಒಂದೊಂದಾಗಿ ಕೆಳಕ್ಕೆ, 100 ದಾಟುವಾಗ ಕಡೆಯದು. ಅಷ್ಟು ದೂರ ಗ್ರಾಫ್ ಬಾಗಿರುತ್ತದೆ. ಸ್ಪ್ರಿಂಗಿನ ಹಿಂದೆ ಟಾರ್ಚ್ ಹಿಡಿದರೆ ಸಂದುಗಳು ಮೇಲಿನಿಂದ ಕೆಳಗೆ ತೆರೆಯುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದ ನೋಟ ಅದು.

ಉತ್ತರ: ಕುಂಬಳೆ ವರ್ಕ್‌ಶಾಪ್

ಬಿಗಿತದ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಏರಿಸುವಾಗ ಇಳಿಸುವಾಗ ಬರುವ ಆ 2 ಮಿಲಿಮೀಟರ್ ವ್ಯತ್ಯಾಸದ ಬಗ್ಗೆ ಹೇಳುತ್ತೇನೆ. ಸರಾಸರಿ ತೆಗೆದು ಮುಂದೆ ಹೋಗುವುದಕ್ಕಿಂತ ಮೊದಲು ಅದು ಯಾಕೆ ಬಂತು ಎಂದು ತಿಳಿಯಬೇಕು.

ಮೂರು ಸಾಧ್ಯತೆಗಳು. ಕ್ಲ್ಯಾಂಪ್ ಸಡಿಲವಾಗಿ ಕೆಳಗೆ ಜಾರಿರಬಹುದು. ಸ್ಪ್ರಿಂಗ್ ಸ್ಥಿತಿಸ್ಥಾಪಕ ಮಿತಿ ದಾಟಿ ಶಾಶ್ವತವಾಗಿ ಹಿಗ್ಗಿರಬಹುದು. ಸೂಜಿ ಸ್ಕೇಲಿಗೆ ಉಜ್ಜುತ್ತಿರಬಹುದು.

ಕ್ಲ್ಯಾಂಪ್ ಜಾರಿದ್ದರೆ ಕೊನೆಗೆ ತೂಕ ತೆಗೆದಾಗ ಓದು 20.2 ಆಗಬೇಕಿತ್ತು. ನಿಮಗೆ 20.0 ಸಿಕ್ಕಿದೆ, ಅದು ಹೋಯಿತು. ಆದರೆ 20.0 ಬಂತೆಂದು ಸ್ಪ್ರಿಂಗ್ ಹಿಗ್ಗಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ, ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಸುತ್ತು ತಾಗಿದ ಸ್ಪ್ರಿಂಗ್ ಸ್ವಲ್ಪ ಹಿಗ್ಗಿದರೆ ಮೊದಲು ಕಡಿಮೆಯಾಗುವುದು ಆರಂಭಿಕ ಬಿಗಿತ. ತೂಕ ತೆಗೆದರೆ ಸುತ್ತುಗಳು ಮತ್ತೆ ತಾಗಿಯೇ ನಿಲ್ಲುತ್ತವೆ, ಸೊನ್ನೆಯ ಓದು ಬದಲಾಗುವುದಿಲ್ಲ, ನಡುವಿನ ಓದುಗಳು ಮಾತ್ರ ಎಲ್ಲ ಒಂದೇ ಅಳತೆಯಲ್ಲಿ ಹೆಚ್ಚುತ್ತವೆ. ನಿಮ್ಮ ಪಟ್ಟಿಯಲ್ಲಿ ಕಾಣುವುದೂ ಹಾಗೆಯೇ. ಸೂಜಿ ಉಜ್ಜಿದರೂ ಪಟ್ಟಿ ಹೀಗೇ ಕಾಣುತ್ತದೆ: ಏರಿಸುವಾಗ ಘರ್ಷಣೆ ಸೂಜಿಯನ್ನು ಮೇಲೆ ತಡೆಯುತ್ತದೆ, ಇಳಿಸುವಾಗ ಕೆಳಗೆ ತಡೆಯುತ್ತದೆ.

ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭ. ಏನನ್ನೂ ಮುಟ್ಟದೆ ಎರಡನೇ ಸಲ ಏರಿಸಿ. ಓದುಗಳು ಮೊದಲ ಸಲದ *ಇಳಿಕೆಯ* ಸಾಲಿನ ಮೇಲೆ ಬಿದ್ದರೆ ಸ್ಪ್ರಿಂಗ್ ಹಿಗ್ಗಿದೆ. ಮೊದಲ ಸಲದ *ಏರಿಕೆಯ* ಸಾಲಿಗೇ ಮರಳಿದರೆ ಘರ್ಷಣೆ. 250 ಗ್ರಾಂನಲ್ಲಿ ನಿಲ್ಲಿಸಿ ಸ್ಕೇಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿಯೂ ನೋಡಿ. ಸೂಜಿ ಒಂದು ಮಿಲಿಮೀಟರ್ ಜಗ್ಗನೆ ಇಳಿದರೆ ಮತ್ತೆ ಅನುಮಾನ ಬೇಡ.

ನನ್ನ ಲೆಕ್ಕ ಘರ್ಷಣೆಯ ಕಡೆಗೇ ಉಂಟು. ಸ್ಕ್ರೂಗೇಜಿನಲ್ಲಿ ತಂತಿಯ ದಪ್ಪ, ವರ್ನಿಯರ್‌ನಲ್ಲಿ ಸ್ಪ್ರಿಂಗಿನ ಹೊರವ್ಯಾಸ ಅಳೆದು, ಸುತ್ತುಗಳನ್ನು ಎಣಿಸಿ ಹಾಕಿ, ಖಚಿತವಾಗಿ ಹೇಳಬಹುದು.

ಇನ್ನೊಂದು. ಕಡಲ ಹತ್ತಿರದ ಲ್ಯಾಬುಗಳಲ್ಲಿ ಕಬ್ಬಿಣದ ಬಿಲ್ಲೆಗಳನ್ನು ನಂಬಬೇಡಿ. ಮಳೆಗಾಲದಲ್ಲಿ ತುಕ್ಕು ಹಿಡಿದು ಪದರ ಉದುರಿದರೆ ಮೇಲೆ 50 ಎಂದು ಕೊರೆದಿದ್ದರೂ ತೂಗುವಾಗ 48, 49 ಇರುತ್ತದೆ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ನಿಜವಾದ ತೂಕವನ್ನು ಪೇಂಟಿನಲ್ಲಿ ಬರೆದಿಡಿ. ಒಂದು ಬಿಲ್ಲೆ ಕಡಿಮೆ ಇದ್ದರೆ ಅದು ಸೇರಿದ ಬಿಂದುವಿನಿಂದ ಮುಂದಿನ ಎಲ್ಲ ಬಿಂದುಗಳೂ ಏರಿಕೆ ಇಳಿಕೆ ಎರಡರಲ್ಲೂ ಗೆರೆಯಿಂದ ಕೆಳಗೆ ಕೂರುತ್ತವೆ. ಬಿಲ್ಲೆಗಳ ಕ್ರಮ ಬದಲಿಸಿದರೆ ಆ ಮುರುಕು ಬೇರೆ ಜಾಗಕ್ಕೆ ಹೋಗುತ್ತದೆ.

ಬದಿಯಡ್ಕ ಲ್ಯಾಬ್

ಇಬ್ಬರಿಗೂ ವಂದನೆ. ಎರಡನೇ ಸಲ ಏರಿಸಿದಾಗ 150ಕ್ಕೆ 22.6, 200ಕ್ಕೆ 24.6, 250ಕ್ಕೆ 26.6. ಏರಿಕೆಯ ಸಾಲಿಗೇ ಮರಳಿತು. 250ರಲ್ಲಿ ಸ್ಕೇಲ್ ತಟ್ಟಿದಾಗ ಸೂಜಿ 26.7ಕ್ಕೆ ಇಳಿಯಿತು.

ತಂತಿಯ ದಪ್ಪ 1.20 ಮಿ.ಮೀ., ಹೊರವ್ಯಾಸ 26.2 ಮಿ.ಮೀ., ಸುತ್ತುಗಳು 54. ಮೇಲಿನ ಕೊಕ್ಕೆಯಿಂದ 200 ಗ್ರಾಂನ ಬಿಲ್ಲೆಗಳ ನಡುವಿಗೆ ಸುಮಾರು 31 ಸೆ.ಮೀ.

ಕುಂಬಳೆ ವರ್ಕ್‌ಶಾಪ್

ಹಾಗಾದರೆ ಸೂಜಿಯೇ. ವ್ಯತ್ಯಾಸ 2 ಮಿ.ಮೀ., ಅಂದರೆ ನಿಜವಾದ ಓದಿನಿಂದ ಆಚೆ ಈಚೆ 1 ಮಿ.ಮೀ. ನಿಮ್ಮ ಸ್ಪ್ರಿಂಗಿಗೆ 1 ಮಿ.ಮೀ. ಎಂದರೆ 2.5 ಗ್ರಾಂ ತೂಕ. ಅಷ್ಟು ಸಣ್ಣ ಉಜ್ಜುವಿಕೆ ಕಣ್ಣಿಗೆ ಕಾಣುವುದಿಲ್ಲ. ಏರಿಕೆ ಇಳಿಕೆಯ ಸರಾಸರಿ ತೆಗೆದರೆ ಘರ್ಷಣೆ ಎರಡೂ ಕಡೆ ಹೊಡೆದುಹೋಗುತ್ತದೆ, ರೆಕಾರ್ಡಿನಲ್ಲಿ ಎರಡು ಕಾಲಂ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಸ್ಪ್ರಿಂಗ್ ಹಿಗ್ಗಿದ್ದರೆ ಅದೇ ಸರಾಸರಿ ಎರಡು ಬೇರೆ ಬೇರೆ ಸ್ಪ್ರಿಂಗ್‌ಗಳನ್ನು ಕಲಸಿದ ಹಾಗೆ.

ಸ್ಕೇಲನ್ನು ಸೂಜಿಯ ತುದಿಯಿಂದ 2–3 ಮಿ.ಮೀ. ಹಿಂದಕ್ಕೆ ಸರಿಸಿ. ಆಗ ಕಣ್ಣಿನ ಮಟ್ಟ ತಪ್ಪಿದರೆ ಓದು ತಪ್ಪುತ್ತದೆ. ಅದಕ್ಕೆ ಸ್ಕೇಲಿನ ಅಂಚಿಗೆ ಅಗಲ ಕಡಿಮೆಯ ಕನ್ನಡಿ ಪಟ್ಟಿ ಅಂಟಿಸಿ, ಸೂಜಿಯೂ ಅದರ ಬಿಂಬವೂ ಒಂದಾಗಿ ಕಾಣುವಾಗ ಮಾತ್ರ ಓದಲು ಹೇಳಿ. ಬಿಲ್ಲೆಯನ್ನು ಮೇಲಿನಿಂದ ಬೀಳಿಸದೆ, ಹ್ಯಾಂಗರನ್ನು ಕೈಯಲ್ಲಿ ಆಧರಿಸಿ ಬಿಲ್ಲೆ ತೂರಿಸಿ ಮೆಲ್ಲಗೆ ಬಿಡಬೇಕು.

ಈಗ ಉಕ್ಕಿನ ಲೆಕ್ಕ. ಹೊರವ್ಯಾಸದಿಂದ ತಂತಿಯ ದಪ್ಪ ಕಳೆದರೆ ಸರಾಸರಿ ವ್ಯಾಸ 25.0 ಮಿ.ಮೀ. ಸ್ಪ್ರಿಂಗ್ ಉಕ್ಕಿನ ಜಾರು ಗುಣಾಂಕ (ತಿರುಚಲು ಹೋದರೆ ಉಕ್ಕು ಎಷ್ಟು ಬಿಗಿಯಾಗಿ ತಡೆಯುತ್ತದೆ ಎಂಬುದರ ಅಳತೆ) ಸುಮಾರು 79 ಗಿಗಾಪ್ಯಾಸ್ಕಲ್. ಸೂತ್ರ: ಜಾರು ಗುಣಾಂಕ × ದಪ್ಪದ ನಾಲ್ಕನೇ ಘಾತ ÷ (8 × ವ್ಯಾಸದ ಘನ × ಸುತ್ತುಗಳು). ಉತ್ತರ 24.3 ನ್ಯೂಟನ್/ಮೀಟರ್. ತೂಕ ಹೇರಿ ಸಿಕ್ಕ 24.45ಕ್ಕೆ ಇಷ್ಟು ಹತ್ತಿರ ಬಂದದ್ದರಲ್ಲಿ ಸ್ವಲ್ಪ ಅದೃಷ್ಟವೂ ಉಂಟು: ದಪ್ಪ ನಾಲ್ಕನೇ ಘಾತದಲ್ಲಿ ಬರುವುದರಿಂದ ಸ್ಕ್ರೂಗೇಜಿನಲ್ಲಿ 0.01 ಮಿ.ಮೀ. ತಪ್ಪಿದರೆ ಉತ್ತರ ಶೇಕಡಾ 3ಕ್ಕಿಂತ ಹೆಚ್ಚು ತಪ್ಪುತ್ತದೆ. ಸೊನ್ನೆ ದೋಷ (ಗೇಜ್ ಮುಚ್ಚಿದಾಗ ಸೊನ್ನೆ ತೋರಿಸದಿರುವುದು) ನೋಡದೆ ಅಳೆಯಬಾರದು.

400 ಗ್ರಾಂ ನೇತಾಡುವಾಗ ಈ ತಂತಿಯಲ್ಲಿ ಬರುವ ತಿರುಚು ಒತ್ತಡ ಸುಮಾರು 150 ಮೆಗಾಪ್ಯಾಸ್ಕಲ್. ಎಳೆದು ಮಾಡಿದ ಸ್ಪ್ರಿಂಗ್ ತಂತಿ 500ರ ಮೇಲೆಯೂ ತಡೆಯುತ್ತದೆ. ಒಂದು ಕಿಲೋ ನೇತುಹಾಕಿದರೂ ಅದು ಮರಳಿ ಬರುತ್ತದೆ. ಸ್ಪ್ರಿಂಗ್‌ಗಳು ಕೆಡುವುದು ಮಕ್ಕಳು ಕೈಯಲ್ಲಿ ಹಿಡಿದು ಎಳೆಯುವುದರಿಂದ, ಕೊಕ್ಕೆಯ ಬುಡ ಬಗ್ಗಿಸುವುದರಿಂದ. ಕೊಕ್ಕೆ ಬಗ್ಗಿದರೆ ಸೊನ್ನೆ ಓದೂ ಕೆಡುತ್ತದೆ, ನೆನಪಿರಲಿ.

ಉತ್ತರ: ಪೆರ್ಲ ಭೌತಶಾಸ್ತ್ರ

ಆಂದೋಲನದ ಭಾಗ ಉಳಿದಿದೆ, ಅದನ್ನು ನೋಡೋಣ.

23.1 ಬಂದದ್ದು ಸ್ಪ್ರಿಂಗಿನ ಸ್ವಂತ ದ್ರವ್ಯರಾಶಿಯನ್ನು ಬಿಟ್ಟದ್ದರಿಂದ. ಕುಣಿಯುವಾಗ ಕೆಳಗಿನ ಸುತ್ತು ಬಿಲ್ಲೆಯಷ್ಟೇ ವೇಗದಲ್ಲಿ ಚಲಿಸುತ್ತದೆ, ಮೇಲಿನ ಸುತ್ತು ಅಲುಗುವುದೇ ಇಲ್ಲ. ಚಲನ ಶಕ್ತಿಯನ್ನು ಎಲ್ಲ ಸುತ್ತುಗಳಿಗೂ ಕೂಡಿಸಿದರೆ ಸ್ಪ್ರಿಂಗಿನ ಮೂರನೇ ಒಂದು ಪಾಲು ಬಿಲ್ಲೆಗೆ ಸೇರಿದ ಹಾಗೆ ಆಗುತ್ತದೆ. 37ರ ಮೂರನೇ ಒಂದು 12.3 ಗ್ರಾಂ. 200ರ ಬದಲು 212.3 ಹಾಕಿ: 4 × ಪೈ² × 0.2123 ÷ 0.585² = 24.5 ನ್ಯೂಟನ್/ಮೀಟರ್. ಹೊಂದಿತು.

ತೂಕ ಹೇರುವಾಗ ಅರ್ಧ, ಕುಣಿಸುವಾಗ ಮೂರನೇ ಒಂದು, ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊದಲನೆಯದು ಭಾರದ ಸರಾಸರಿ, ಎರಡನೆಯದು ವೇಗದ ವರ್ಗದ ಸರಾಸರಿ. ಸೊನ್ನೆಯಿಂದ ಒಂದರವರೆಗೆ ಸಮನಾಗಿ ಏರುವ ಸಂಖ್ಯೆಯ ಸರಾಸರಿ ಅರ್ಧ, ಅದರ ವರ್ಗದ ಸರಾಸರಿ ಮೂರನೇ ಒಂದು.

ಈ ತಿದ್ದುಪಡಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಗ್ರಾಫಿನಿಂದಲೇ ತೆಗೆಸುವುದು ಉತ್ತಮ. 200, 300, 400 ಗ್ರಾಂಗೆ 20 ಆಂದೋಲನದ ಸಮಯ ತೆಗೆದು, ಆವರ್ತಕಾಲದ ವರ್ಗವನ್ನು ದ್ರವ್ಯರಾಶಿಯ ಎದುರು ಗುರುತಿಸಿ. ನಿಮ್ಮ ಸ್ಪ್ರಿಂಗಿಗೆ 300ಕ್ಕೆ 14.2, 400ಕ್ಕೆ 16.3 ಸೆಕೆಂಡ್ ಆಸುಪಾಸು ಬರಬೇಕು. ವರ್ಗಗಳು 0.342, 0.504, 0.664. ಇಳಿಜಾರು ಸುಮಾರು 1.61, ಅದರಿಂದ 4 × ಪೈ² ಭಾಗಿಸಿದರೆ 24.5. ಗೆರೆ ಮೂಲಬಿಂದುವಿನಲ್ಲಿ ಹಾಯುವುದಿಲ್ಲ. ಹಿಂದಕ್ಕೆ ಎಳೆದರೆ ದ್ರವ್ಯರಾಶಿಯ ಅಕ್ಷವನ್ನು ಸೊನ್ನೆಗಿಂತ 12 ಗ್ರಾಂ ಆಚೆ ಕಡಿಯುತ್ತದೆ. ಸ್ಪ್ರಿಂಗನ್ನು ತೂಗದೆಯೇ ಅದರ ತೂಕದ ಮೂರನೇ ಒಂದು ಸಿಕ್ಕಿತು. 100 ಗ್ರಾಂನ ಬಿಂದುವನ್ನು ಮಾತ್ರ ಸೇರಿಸಬೇಡಿ. ಅಲ್ಲಿ ಸುತ್ತುಗಳು ಆಗಷ್ಟೇ ತೆರೆದಿರುತ್ತವೆ, ಮೇಲೆ ಹೋದಾಗ ಟಕ್ಕೆಂದು ಮುಚ್ಚಿಕೊಳ್ಳುತ್ತವೆ. 200ಕ್ಕೆ 4 ಸೆ.ಮೀ., 150ಕ್ಕೆ 2 ಸೆ.ಮೀ. ಎಳೆದು ಬಿಟ್ಟರೂ ಕೆಳಗಿನ ಸುತ್ತುಗಳು ಮುಚ್ಚತೊಡಗುತ್ತವೆ. ಒಂದು ಸೆ.ಮೀ. ಎಳೆದರೆ ಧಾರಾಳ.

ಎಣಿಕೆ “ಸೊನ್ನೆ” ಎಂದು ಶುರುವಾಗಬೇಕು. “ಒಂದು” ಎಂದು ವಾಚ್ ಒತ್ತಿ “ಇಪ್ಪತ್ತು” ಎಂದು ನಿಲ್ಲಿಸಿದರೆ ಅಳೆದದ್ದು 19 ಆಂದೋಲನ, ಸ್ಥಿರಾಂಕ ಶೇಕಡಾ 11ರಷ್ಟು ಹೆಚ್ಚು ಬರುತ್ತದೆ. ತರಗತಿಯಲ್ಲಿ ಒಂದೇ ಗುಂಪಿನ ಉತ್ತರ 27ರ ಹತ್ತಿರ ಇದ್ದರೆ ಮೊದಲು ಇದನ್ನು ವಿಚಾರಿಸಿ. ವಾಚ್ ಒತ್ತುವುದು ತುದಿಯಲ್ಲಿ ಅಲ್ಲ, ಬಿಲ್ಲೆ ನಡುಮಟ್ಟವನ್ನು ದಾಟುವಾಗ. ತುದಿಯಲ್ಲಿ ಅದು ನಿಧಾನ, ಯಾವ ಕ್ಷಣ ಎಂದು ಗೊತ್ತಾಗುವುದಿಲ್ಲ. 11.7 ಸೆಕೆಂಡಿನಲ್ಲಿ ಕೈ 0.2 ಸೆಕೆಂಡ್ ತಡವಾದರೆ ಸ್ಥಿರಾಂಕ ಶೇಕಡಾ 3.4 ತಪ್ಪುತ್ತದೆ. 50 ಆಂದೋಲನ ಎಣಿಸಿದರೆ 1.4ಕ್ಕೆ ಇಳಿಯುತ್ತದೆ.

ಇನ್ನು ಆ ಓಲಾಟ. ಅದು ಗಾಳಿಯದ್ದೂ ಅಲ್ಲ, ಕೈತಪ್ಪೂ ಅಲ್ಲ. ನೇತಾಡುವ ತೂಕ ಸ್ಪ್ರಿಂಗಿನಂತೆ ಮೇಲೆ ಕೆಳಗೂ ಕುಣಿಯಬಲ್ಲದು, ಲೋಲಕದಂತೆ ಪಕ್ಕಕ್ಕೂ ಓಲಬಲ್ಲದು. ಲೋಲಕದ ಆವರ್ತಕಾಲ ಸ್ಪ್ರಿಂಗಿನದ್ದಕ್ಕೆ ಸರಿಯಾಗಿ ಎರಡು ಪಟ್ಟು ಇದ್ದರೆ, ಕುಣಿತದ ಶಕ್ತಿ ತಾನಾಗಿ ಓಲಾಟಕ್ಕೆ ಹರಿಯುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಮರಳಿ ಬರುತ್ತದೆ. ಹೀಗಾಗುವ ಉದ್ದ ಎಷ್ಟೆಂದರೆ ತೂಕವನ್ನು ಸ್ಥಿರಾಂಕದಿಂದ ಭಾಗಿಸಿ ನಾಲ್ಕರಿಂದ ಗುಣಿಸಿದಷ್ಟು. 200 ಗ್ರಾಂಗೆ 1.956 ÷ 24.45 = 0.08 ಮೀಟರ್, ನಾಲ್ಕು ಪಟ್ಟು 32 ಸೆ.ಮೀ. ನೀವು ಅಳೆದದ್ದು 31! 400 ಗ್ರಾಂಗೆ ಬೇಕಾದದ್ದು 64, ನಿಮ್ಮದು 40ರ ಒಳಗೆ ಇರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಬರಲಿಲ್ಲ. 200ರಲ್ಲೇ ಅಳೆಯಬೇಕೆಂದಿದ್ದರೆ ಸ್ಪ್ರಿಂಗಿಗೂ ಹ್ಯಾಂಗರಿಗೂ ನಡುವೆ 15 ಸೆ.ಮೀ. ಗಟ್ಟಿ ದಾರ ಕಟ್ಟಿ. ದಾರ ಹಿಗ್ಗುವಂಥದ್ದಾಗಬಾರದು, ನೈಲಾನ್ ಬೇಡ, ಹೆಣೆದ ಹತ್ತಿಯ ದಾರ ಸಾಕು.

ಪ್ರಶ್ನೆ: ನೀರ್ಚಾಲು ಪ್ಲಸ್ ಒನ್

ಮಾಷ್ಟ್ರೇ, ಗೆರೆ ಸೊನ್ನೆಯಿಂದ ಹೊರಡದಿದ್ದರೆ ಹುಕ್ ನಿಯಮ ಈ ಸ್ಪ್ರಿಂಗಿಗೆ ಅನ್ವಯಿಸುವುದಿಲ್ಲ ಎಂದು ಬರೆಯಬೇಕಾ? ರಬ್ಬರ್ ಬ್ಯಾಂಡಿನಲ್ಲಿಯೂ ಏರಿಕೆ ಇಳಿಕೆ ಬೇರೆ ಬೇರೆ ಬರುತ್ತದಲ್ಲ, ಅದೂ ಘರ್ಷಣೆಯಾ?

ಮುಳ್ಳೇರಿಯ ಫಿಸಿಕ್ಸ್

ಹಾಗೆ ಬರೆಯಬೇಡ. ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ ಮಾತು “ಹಿಗ್ಗು ಎಷ್ಟೋ ಬಲವೂ ಅಷ್ಟು” ಎಂದು. ಸುತ್ತುಗಳು ತೆರೆದ ಮೇಲೆ ಪ್ರತಿ 50 ಗ್ರಾಂಗೆ 2.0 ಸೆ.ಮೀ. ತಪ್ಪದೆ ಬಂದಿದೆ, ನಿಯಮ ಪಾಲನೆಯಾಗಿದೆ. ತೆರೆಯುವ ಮೊದಲು ತೂಕದ ಜೊತೆಗೆ ಸುತ್ತುಗಳ ಒತ್ತು ಕೂಡ ಇರುವುದರಿಂದ ಅಲ್ಲಿ ನೀನು ಅಳೆಯುತ್ತಿರುವುದು ಸ್ಪ್ರಿಂಗಿನ ಹಿಗ್ಗನ್ನಲ್ಲ. ರೆಕಾರ್ಡಿನಲ್ಲಿ ಹೀಗೆ ಬರಿ: “100 ಗ್ರಾಂನಿಂದ 400 ಗ್ರಾಂವರೆಗೆ ಗ್ರಾಫ್ ನೇರ ಗೆರೆ, 50 ಗ್ರಾಂವರೆಗೆ ಸ್ಪ್ರಿಂಗಿನ ಆರಂಭಿಕ ಬಿಗಿತದಿಂದ ಉದ್ದ ಬದಲಾಗುವುದಿಲ್ಲ.” ಗೆರೆಯನ್ನು ಬಲವಂತವಾಗಿ ಮೂಲಬಿಂದುವಿಗೆ ಎಳೆದು ತಂದರೆ ಇಳಿಜಾರು ಕೆಡುತ್ತದೆ.

ರಬ್ಬರಿನದ್ದು ಬೇರೆ ಕತೆ. ಅಲ್ಲಿ ನಷ್ಟ ರಬ್ಬರಿನ ಒಳಗೇ ಆಗುತ್ತದೆ, ಅದರ ಉದ್ದನೆಯ ಅಣುಗಳು ಜಾರಿ ಬಿಡಿಸಿಕೊಳ್ಳುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಸ್ಕೇಲನ್ನು ದೂರ ಸರಿಸಿದರೂ ಏರಿಕೆ ಇಳಿಕೆಯ ಗೆರೆಗಳ ನಡುವೆ ಜಾಗ ಉಳಿದೇ ಉಳಿಯುತ್ತದೆ, ಗೆರೆ ನೇರವಾಗಿಯೂ ಇರುವುದಿಲ್ಲ. ತೂಕ ಹಾಕಿದ ಮೇಲೂ ಒಂದೆರಡು ನಿಮಿಷ ನಿಧಾನವಾಗಿ ಹಿಗ್ಗುತ್ತಲೇ ಇರುತ್ತದೆ, ಆದ್ದರಿಂದ ಪ್ರತಿ ಓದಿಗೂ ಒಂದೇ ಸಮಯ, 60 ಸೆಕೆಂಡ್ ಎಂದಿಟ್ಟುಕೋ, ಕಾದು ಬರೆಯಬೇಕು.

ಬದಿಯಡ್ಕ ಲ್ಯಾಬ್

ಸ್ಕೇಲ್ 3 ಮಿ.ಮೀ. ಹಿಂದೆ ಸರಿಸಿ ಕನ್ನಡಿ ಪಟ್ಟಿ ಹಾಕಿ ಅಳೆದೆ. 150: 22.7, 22.7. 250: 26.7, 26.7. 350: 30.7, 30.7. ದಾರ ಕಟ್ಟಿದ ಮೇಲೆ 200 ಗ್ರಾಂ ಓಲುವುದಿಲ್ಲ. 50 ಆಂದೋಲನಕ್ಕೆ 29.3 ಸೆಕೆಂಡ್, ಸ್ಪ್ರಿಂಗಿನ ಮೂರನೇ ಒಂದು ಸೇರಿಸಿ 24.4 ನ್ಯೂಟನ್/ಮೀಟರ್. ಬಿಲ್ಲೆಗಳನ್ನು ತೂಗುವಾಗ ಒಂದು 48.7 ಗ್ರಾಂ ಇರುವುದು ಗೊತ್ತಾಯಿತು. ಅದು ಈ ಸಲದ ಅಳತೆಗಳಲ್ಲಿ ಸೇರಿರಲಿಲ್ಲ, ಬೇರೆ ಪೆಟ್ಟಿಗೆಗೆ ಹಾಕಿ ಮೇಲೆ ತೂಕ ಬರೆದಿಟ್ಟಿದ್ದೇನೆ.